ಕಾಳು ಚುಕ್ಕಿಗೆ, ಕಟ್ಟು ನಮಗೆ

ಅಜ್ಜಿ ಹೋಗಿ ಒಂದು ವರ್ಷವಾಗುತ್ತಾ ಬಂದಿತ್ತು. ಮಹಾಲಯ ಅಮಾವಾಸ್ಯೆಗೆ ಮೈಸೂರಿನಲ್ಲಿ, ಮಾವನ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದೆಂದು ತೀರ್ಮಾನವಾಯಿತು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸಾಗಬಹುದಾದ ದಾರಿ ಅದು. ಈ ಸಲ ಹಾಗೆ ಹೋಗಿಬರಲು ನನಗೆ ಮನಸ್ಸಾಗಲಿಲ್ಲ. ಅಜ್ಜಿ ಹುಟ್ಟಿದ್ದು ಕುಣಿಗಲ್‌ನಲ್ಲಿ, ಕುದುರೆ ಫಾರ್ಮಿನ ಬೇಲಿಗೆ ಹತ್ತಿರದ ಓಣಿಯಲ್ಲಿ. ಬಾಳಿದ್ದು ಮೈಸೂರಿನ ನಜರ್‌ಬಾದಿನಲ್ಲಿ, ಜಟಕಾ ಹೊಡೆಯುತ್ತಿದ್ದ ತಾತನ ಮನೆಯಲ್ಲಿ. 1955ರಲ್ಲಿ, ಹದಿನೇಳನೆಯ ವಯಸ್ಸಿಗೆ ಮದುವೆಯಾಗಿ ಅವಳು ಬಂದ ದಾರಿಯಲ್ಲೇ ನಾವೂ ನಿಧಾನವಾಗಿ ಹೋಗೋಣ ಅಂದೆ.

ಅಮ್ಮ ಮೊದಲು ಒಪ್ಪಲಿಲ್ಲ. "ಕುದುರೆ ನೋಡೋಕೆ ಐದು ದಿನ ಯಾಕೆ ಬೇಕು? ನಾನು ಜೀವಮಾನಕ್ಕೆ ಆಗೋವಷ್ಟು ನೋಡಿದ್ದೀನಿ" ಅಂದಳು.

ಅವಳ ಮಾತಿನ ಹಿಂದೆ ಒಂದು ಹಳೆಯ ನೋವಿತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. 1974ರಲ್ಲಿ ಅಮ್ಮನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮಾರನೆಯ ದಿನ ಲೆಕ್ಕದ ಪೇಪರು. ಅವತ್ತು ರಾತ್ರಿ ಚುಕ್ಕಿ ಎಂಬ ಹೆಣ್ಣು ಕುದುರೆಗೆ ಹೊಟ್ಟೆಶೂಲೆ ಬಂತು. ಅಜ್ಜಿ ಬೆಳಗಾಗುವ ತನಕ ಅದನ್ನು ಓಣಿಯಲ್ಲಿ ನಡೆಸಿದಳು. ಲಾಟೀನು ಹಿಡಿದವಳು ಅಮ್ಮ. ಬೆಳಿಗ್ಗೆ ಚುಕ್ಕಿ ಉಳಿಯಿತು, ಅಮ್ಮ ಲೆಕ್ಕದಲ್ಲಿ ಫೇಲಾದಳು. ಅಕ್ಟೋಬರಿನಲ್ಲಿ ಮತ್ತೆ ಬರೆದು ಪಾಸಾದಳು, ಟೀಚರ್ ಆಗಿ ನಿವೃತ್ತಿಯೂ ಆದಳು. ಆದರೆ ಆ ರಾತ್ರಿಯ ಮಾತು ಬಂದಾಗಲೆಲ್ಲ "ನಮ್ಮಮ್ಮನಿಗೆ ಮಕ್ಕಳಿಗಿಂತ ಕುದುರೆ ಹೆಚ್ಚು" ಎಂದೇ ಮುಗಿಸುತ್ತಿದ್ದಳು. ಅಜ್ಜಿಯ ಎದುರಿಗೂ ಹೇಳಿದ್ದುಂಟು. ಅಜ್ಜಿ ಒಮ್ಮೆಯೂ ಎದುರಾಡಿದ್ದನ್ನು ನಾನು ಕೇಳಿಲ್ಲ.

ಕೊನೆಗೆ ಹತ್ತು ವರ್ಷದ ನನ್ನ ಮಗ ಹಟ ಮಾಡಿದ್ದಕ್ಕೆ ಅಮ್ಮ ಹೊರಟಳು.

ಮೊದಲ ದಿನ: ಬೆಂಗಳೂರು, ಕುಣಿಗಲ್

ಬೆಳಿಗ್ಗೆ ಆರಕ್ಕೇ ಮನೆ ಬಿಟ್ಟು, ಕುಣಿಗಲ್ ದಾರಿ ಹಿಡಿಯುವ ಮೊದಲು ಜೆ.ಸಿ. ನಗರಕ್ಕೆ ಹೋದೆವು. ಅಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಒಂದು ಎತ್ತರದ ಕಲ್ಲಿನ ಕಂಬ. ಸುತ್ತ ಬಸ್ಸು, ಹಾಲಿನ ಗಾಡಿ, ಶಾಲೆಗೆ ಹೊರಟ ಮಕ್ಕಳು. ಯಾರೂ ತಲೆಯೆತ್ತಿ ನೋಡುವಷ್ಟು ಪುರುಸೊತ್ತಿನಲ್ಲಿರಲಿಲ್ಲ.

ಅಜ್ಜಿಯ ತಾತ ಆ ಕುದುರೆ ಪಡೆಯಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆಗಿದ್ದವರು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ರಾವುತರು ಕುದುರೆಗಳ ಜೊತೆ ಹಡಗು ಹತ್ತಿ ಈಜಿಪ್ಟ್, ಪ್ಯಾಲೆಸ್ತೀನ್ ಕಡೆಗೆ ಹೋದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದದ್ದು ಜೋಧಪುರದ ಮತ್ತು ಮೈಸೂರಿನ ಕುದುರೆ ಪಡೆಗಳು. ಎದುರಿಗೆ ಮೆಷಿನ್ ಗನ್ನು, ಇವರ ಕೈಯಲ್ಲಿ ಈಟಿ ಮತ್ತು ಕತ್ತಿ. ಜೋಧಪುರದವರು ಕೆಳಗಿನಿಂದ ಪಟ್ಟಣಕ್ಕೆ ನುಗ್ಗಿದರೆ, ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿಯಿತು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಈ ಪಡೆಗಳ ನೆನಪಿಗೇ ನಿಲ್ಲಿಸಿದವು.

ಅಜ್ಜಿಗೆ ಇದರಲ್ಲಿ ಯುದ್ಧದ ಕಥೆ ಏನೂ ಗೊತ್ತಿರಲಿಲ್ಲ. ಹೈಫಾ ಅನ್ನಲು ಬರದೆ "ಐಪಾ" ಅನ್ನುತ್ತಿದ್ದಳು. ಅವಳ ತಾತ ಹೇಳಿದ್ದರಲ್ಲಿ ಅವಳ ಮನಸ್ಸಿನಲ್ಲಿ ಉಳಿದದ್ದು ಹಡಗಿನ ಸಂಗತಿ. ಕುದುರೆಗಳು ಹಡಗಿನಲ್ಲಿ ಅಷ್ಟೂ ದಿನ ನಿಂತೇ ಇದ್ದವಂತೆ. ಕಾಲು ಬಾವು ಬರುತ್ತದೆಂದು ತಾತ ದಿನಕ್ಕೆರಡು ಸಲ ಒಂದೊಂದರ ಕಾಲನ್ನೂ ಕೈಯಿಂದ ನೀವುತ್ತಿದ್ದರಂತೆ. ಅವರು ವಾಪಸು ಬಂದರು, ಅವರು ನೋಡಿಕೊಂಡಿದ್ದ ಕುದುರೆ ಬರಲಿಲ್ಲ. ಆಮೇಲೆ ಒಂದು ವರ್ಷ ಅವರು ಯಾವ ಕುದುರೆಯ ಹತ್ತಿರವೂ ಹೋಗಲಿಲ್ಲವಂತೆ.

"ಮುತ್ತಜ್ಜಿಯ ತಾತ ಯುದ್ಧ ಮಾಡಿದ್ರಾ?" ಮಗ ಕೇಳಿದ.

"ಇಲ್ಲ ಕಣೋ. ಯುದ್ಧ ಮಾಡೋ ಕುದುರೆಗೆ ನೀರು ಕುಡಿಸ್ತಿದ್ರು" ಅಂದಳು ಅಮ್ಮ. ಚಪ್ಪಲಿ ಕಳಚಿ, ಬೇಲಿಯ ಹೊರಗಿನಿಂದಲೇ ಕೈ ಮುಗಿದಳು.

ಕುಣಿಗಲ್ ಮುಟ್ಟಿದಾಗ ಹತ್ತೂವರೆ. ಅಜ್ಜಿಯ ತಮ್ಮ, ನನಗೆ ಚಿಕ್ಕತಾತ, ಬಸ್ ನಿಲ್ದಾಣದ ಹತ್ತಿರವೇ ಕಾಯುತ್ತಿದ್ದರು. ಅಮ್ಮನನ್ನು ನೋಡುತ್ತಲೇ "ಬಾರವ್ವಾ, ಅಕ್ಕನ ಹಾಗೇ ಆಗಿದ್ದೀಯ" ಅಂದು ಕಣ್ಣೊರೆಸಿಕೊಂಡರು.

ಕುಣಿಗಲ್ ಕುದುರೆ ಫಾರ್ಮಿಗೆ ನಾನ್ನೂರು ಎಕರೆಗೂ ಮಿಕ್ಕಿ ಜಾಗವಿದೆ. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಲು ಶುರುವಾದ ಜಾಗ. ಆಮೇಲೆ ಇಂಗ್ಲಿಷರ ಕೈಗೆ, ಅಲ್ಲಿಂದ ಮೈಸೂರು ಸರ್ಕಾರಕ್ಕೆ ಬಂತು. ಸೈನ್ಯಕ್ಕೆ ಕುದುರೆ ಬೇಡವಾದ ಮೇಲೆ ರೇಸಿನ ಕುದುರೆಗಳು ಹುಟ್ಟುವ ಊರಾಯಿತು. ಅಜ್ಜಿಯ ಅಪ್ಪ ಇಲ್ಲಿನ ಲಾಯದಲ್ಲಿ ಕೆಲಸಕ್ಕಿದ್ದರು. ಈ ಜಾಗದಲ್ಲಿ ಅದು ಕಟ್ಟುತ್ತಾರೆ, ಇದು ಕಟ್ಟುತ್ತಾರೆ ಎನ್ನುವ ಮಾತು ಆಗಾಗ ಬರುತ್ತದೆ, ಬಂದಾಗಲೆಲ್ಲ ಊರಿನವರು ಬೇಡ ಅನ್ನುತ್ತಾರೆ ಎಂದು ಚಿಕ್ಕತಾತ ಹೇಳಿದರು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕುದುರೆ ಓಡಿದ ಹುಲ್ಲುಗಾವಲು ಅದು. ಅಲ್ಲಿ ಬೇರೇನೋ ಏಳುವುದನ್ನು ನೆನೆಸಿಕೊಳ್ಳಲು ನನ್ನಿಂದಲೂ ಆಗಲಿಲ್ಲ.

ಒಳಗೆ ಹೋಗಲು ಅನುಮತಿ ಇರಲಿಲ್ಲ. ಬೇಲಿಯ ಈಚೆಗೆ, ದೊಡ್ಡ ಮರದ ನೆರಳಿನಲ್ಲಿ ನಿಂತೆವು. ದೂರದಲ್ಲಿ ತಾಯಿ ಕುದುರೆಗಳು ಮೇಯುತ್ತಿದ್ದವು. ಒಂದೊಂದರ ಮಗ್ಗುಲಿಗೂ ಐದಾರು ತಿಂಗಳ ಮರಿ, ಉದ್ದ ಕಾಲು, ಮೋಟು ಬಾಲ. ತಾಯಿ ಒಂದು ಹೆಜ್ಜೆ ಇಟ್ಟರೆ ಮರಿಯೂ ಒಂದು ಹೆಜ್ಜೆ.

"ಇನ್ನೇನು ಮರಿ ಬಿಡಿಸೋ ಕಾಲ" ಅಂದರು ಚಿಕ್ಕತಾತ. "ಆರು ತಿಂಗಳು ಆಯ್ತಾ ಇದ್ದ ಹಾಗೆ ತಾಯಿನೇ ಬೇರೆ, ಮರಿನೇ ಬೇರೆ ಕಟ್ತಾರೆ. ಎರಡು ಮೂರು ರಾತ್ರಿ ಕೂಗಾಡ್ತವೆ. ಆಗ ಲಾಯದ ಸದ್ದು ನಮ್ಮ ಓಣಿಗೇ ಕೇಳೋದು. ಅಕ್ಕ ಚಿಕ್ಕೋಳಿದ್ದಾಗ ಆ ಮೂರು ರಾತ್ರಿ ಮಲಗ್ತಾನೇ ಇರಲಿಲ್ಲ. ಅಪ್ಪನ ಹತ್ರ ಹೋಗಿ, ನಾಳೆ ಅದನ್ನ ಅವರಮ್ಮನ ಹತ್ರ ಬಿಟ್ಬಿಡಪ್ಪಾ ಅಂತ ಅಳೋಳು."

ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿದರು: "ಅವಳು ಮದುವೆ ಆಗಿ ಹೊರಟ ದಿನ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಹೋಗಿ ಲಾಯದಲ್ಲಿ ಮಲಗಿದ್ರು."

ಅಮ್ಮ ಬೇಲಿಯ ತಂತಿ ಹಿಡಿದುಕೊಂಡು ಆ ಮರಿಗಳನ್ನೇ ನೋಡುತ್ತಿದ್ದಳು.

ಆ ರಾತ್ರಿ ಚಿಕ್ಕತಾತನ ಮನೆಯಲ್ಲಿ ರಾಗಿ ಮುದ್ದೆ, ಅವರೆಕಾಳಿನ ಸಾರು. ಉಂಡ ಮೇಲೆ ಅವರು ಒಳಗಿನಿಂದ ಐದು ಸೇರು ಹುರುಳಿ ತಂದು ಅಮ್ಮನ ಮುಂದಿಟ್ಟರು. ಪ್ರತಿ ಗೌರಿ ಹಬ್ಬಕ್ಕೆ ತವರಿನಿಂದ ಅಜ್ಜಿಗೆ ಬಾಗಿನದ ಜೊತೆ ಒಂದು ಮೂಟೆ ಹುರುಳಿ ಹೋಗುತ್ತಿತ್ತು. ಸೀರೆ ಮರೆತರೂ ನಡೆಯುತ್ತಿತ್ತು, ಹುರುಳಿ ಮರೆಯುವಂತಿರಲಿಲ್ಲ. "ಈ ಸಲ ಗೌರಿ ಹಬ್ಬಕ್ಕೆ ಯಾರಿಗೆ ಕಳಿಸಲಿ ಅಂತ ಗೊತ್ತಾಗಲಿಲ್ಲವ್ವಾ, ತೆಗೆದಿಟ್ಟಿದ್ದೆ" ಅಂದರು.

ಎರಡನೆಯ ದಿನ: ಹುಲಿಯೂರುದುರ್ಗ, ಮದ್ದೂರು, ಸೋಮನಾಥಪುರ

ಅಜ್ಜಿಯ ದಿಬ್ಬಣ ಹುಲಿಯೂರುದುರ್ಗದ ಮೇಲೆ ಮದ್ದೂರಿಗೆ ಬಂದು, ಅಲ್ಲಿಂದ ಮೈಸೂರಿಗೆ ಹೋಗಿತ್ತು. ನಾವೂ ಅದೇ ದಾರಿ ಹಿಡಿದೆವು. ಹುಲಿಯೂರುದುರ್ಗದ ಬೋಳು ಗುಡ್ಡ ಬಟ್ಟಲು ಮಗುಚಿಟ್ಟ ಹಾಗೆ ದೂರದಿಂದಲೇ ಕಾಣುತ್ತದೆ. ಬಸ್ಸಿನ ಕಿಟಕಿಯಿಂದ ಅದು ಮರೆಯಾಗುವ ತನಕ ಅತ್ತೆ, ಆಮೇಲೆ ಅಳಲಿಲ್ಲ ಎಂದು ಅಜ್ಜಿ ನನಗೆ ಹೇಳಿದ್ದಳು. ಗುಡ್ಡ ಮರೆಯಾಗುವ ತಿರುವನ್ನು ನಾನು ಕಾದು ನೋಡಿದೆ.

ಮದ್ದೂರಿನಲ್ಲಿ ವಡೆ ತಿಂದು, ಮೈಸೂರಿನ ಹೆದ್ದಾರಿ ಬಿಟ್ಟು ಮಳವಳ್ಳಿ ಕಡೆಯಿಂದ ಬನ್ನೂರಿಗೆ, ಅಲ್ಲಿಂದ ಸೋಮನಾಥಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಕಬ್ಬು, ಭತ್ತ, ನಾಲೆಯ ನೀರು. ದಿಬ್ಬಣದ ದಾರಿಯಲ್ಲಿ ಇದಿರಲಿಲ್ಲ. ಆದರೂ ಹೋದದ್ದು ಅಜ್ಜಿಗಾಗಿಯೇ. ನಾನು ಆರನೆಯ ತರಗತಿಯಲ್ಲಿದ್ದಾಗ ಅವಳ ಜೊತೆ ಇಲ್ಲಿಗೆ ಬಂದಿದ್ದೆ.

ಹದಿಮೂರನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯ ಇದು. ಬೇಲೂರು, ಹಳೇಬೀಡುಗಳ ಜೊತೆಗೆ ಇದೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಂದವರೆಲ್ಲ ಗೋಡೆಯ ದೊಡ್ಡ ದೊಡ್ಡ ಮೂರ್ತಿಗಳನ್ನು, ಒಳಗಿನ ವೇಣುಗೋಪಾಲನನ್ನು ನೋಡುತ್ತಾರೆ. ಅಜ್ಜಿ ಅವತ್ತು ಸೊಂಟ ಬಗ್ಗಿಸಿಕೊಂಡೇ ಗುಡಿ ಸುತ್ತಿದ್ದಳು. ಗೋಡೆಯ ಬುಡದಲ್ಲಿ ಮೊದಲ ಸಾಲು ಆನೆಗಳದು, ಅದರ ಮೇಲಿನ ಸಾಲು ಕುದುರೆಗಳದು. ಬಿಸಿಲಿನಲ್ಲಿ ಬರಿಗಾಲಲ್ಲಿ ಆ ಸಾಲನ್ನು ಹಿಡಿದು ಒಂದು ಸುತ್ತು ಪೂರ್ತಿ ಬಂದಳು. "ಇದು ಕೆತ್ತಿದೋನು ಕುದುರೆ ಸಾಕಿದೋನೇ ಇರಬೇಕು. ನೋಡು, ಇದು ಕಡಿವಾಣ ಎಳೆದಿದ್ದಕ್ಕೆ ಕತ್ತು ಹೆಂಗೆ ಬಗ್ಗಿಸಿದೆ. ಮನೇಲಿ ಕುದುರೆ ಇಲ್ಲದೋನಿಗೆ ಇದು ತಿಳಿಯಲ್ಲ" ಅಂದಿದ್ದಳು.

ನನ್ನ ಮಗ ಕುದುರೆಗಳನ್ನು ಎಣಿಸುತ್ತಾ ಹೊರಟ. ಎರಡನೆಯ ಮೂಲೆ ತಿರುಗುವಾಗ ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಶುರುಮಾಡಿದ. ಅಮ್ಮ ಅವನ ಹಿಂದೆಯೇ ಬಗ್ಗಿಕೊಂಡು ಹೋಗುತ್ತಿದ್ದಳು. ನಡೆಯುವಾಗ ಸೊಂಟದ ಮೇಲೆ ಎಡಗೈ ಇಟ್ಟುಕೊಳ್ಳುವುದು ಅಜ್ಜಿಯ ಅಭ್ಯಾಸ. ಅದು ಅಮ್ಮನಿಗೂ ಬಂದಿರುವುದನ್ನು ನಾನು ಮೊದಲ ಸಲ ಗಮನಿಸಿದೆ.

ಮೂರನೆಯ ದಿನ: ನಜರ್‌ಬಾದ್

ಹಳೆಯ ಮನೆ ಈಗಿಲ್ಲ. ಇದ್ದ ಜಾಗದಲ್ಲಿ ಮೂರು ಮಹಡಿಯ ಕಟ್ಟಡ ಎದ್ದಿದೆ. ಲಾಯವಿದ್ದ ಕಡೆ ಸ್ಕೂಟರುಗಳು ನಿಂತಿದ್ದವು. ಓಣಿಯ ತಿರುವಿನಲ್ಲಿ ಕುದುರೆಗಳಿಗೆ ನೀರು ಕುಡಿಸುತ್ತಿದ್ದ ಕಲ್ಲಿನ ಬಾನಿ ಮಾತ್ರ ಅರ್ಧ ನೆಲದೊಳಗೆ ಹೂತು ಉಳಿದಿದೆ. ಅದರಲ್ಲಿ ಯಾರೋ ತುಳಸಿ ಗಿಡ ನೆಟ್ಟಿದ್ದಾರೆ.

ನನಗೆ ನೆನಪಿರುವ ಅಜ್ಜಿಯ ದಿನ ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗುತ್ತಿತ್ತು. ರಾತ್ರಿ ನೆನೆಹಾಕಿದ ಹುರುಳಿಯನ್ನು ದೊಡ್ಡ ತಪ್ಪಲೆಗೆ ಸುರಿದು ಸೌದೆ ಒಲೆಯ ಮೇಲಿಡುತ್ತಿದ್ದಳು. ಹುರುಳಿ ಗಟ್ಟಿ ಕಾಳು, ಹಾಗೇ ಕೊಟ್ಟರೆ ಕುದುರೆಗೆ ಅರಗುವುದಿಲ್ಲ, ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವ ತನಕ ಬೇಯಬೇಕು. ಬೆಂದ ಮೇಲೆ ನೀರನ್ನು ಬೇರೆ ಪಾತ್ರೆಗೆ ಬಸಿಯುತ್ತಿದ್ದಳು. ಕಾಳು ಬೂಸಾದ ಜೊತೆ ಕಲಸಿ ಲಾಯಕ್ಕೆ ಹೋಗುತ್ತಿತ್ತು. ಬಸಿದ ಕಟ್ಟು ನಮ್ಮ ಅಡುಗೆ ಮನೆಗೆ. ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಸುಟ್ಟ ಬದನೆಕಾಯಿ ಹಾಕಿ ಅದರಲ್ಲಿ ಸಾರು. ಮೊದಲ ದಿನಕ್ಕಿಂತ ಎರಡನೆಯ ದಿನ ಕುದಿಸಿದ ಕಟ್ಟಿನ ಸಾರು ಇನ್ನೂ ರುಚಿ. "ಕಾಳು ಚುಕ್ಕಿಗೆ, ಕಟ್ಟು ನಮಗೆ" ಎಂದು ಹೇಳುತ್ತಾ ಬಸಿಯುತ್ತಿದ್ದಳು. ಚುಕ್ಕಿ ಸತ್ತು ಎಷ್ಟೋ ವರ್ಷವಾದ ಮೇಲೆ, ಬೇರೆ ಕುದುರೆ ಬಂದ ಮೇಲೂ ಆ ಮಾತು ಹಾಗೇ ಉಳಿದಿತ್ತು. ಊರಿನಲ್ಲಿ ಎತ್ತು ಸಾಕುವ ಎಷ್ಟೋ ಮನೆಗಳಲ್ಲೂ ಇದೇ ಪದ್ಧತಿ. ನಮ್ಮ ಹುರುಳಿ ಕಟ್ಟಿನ ಸಾರು ಹೀಗೆ ದನ, ಕುದುರೆಗಳ ಪಾಲಿನಿಂದಲೇ ಬಂದ ಅಡುಗೆ.

ತಾತ 1979ರಲ್ಲಿ ತೀರಿಕೊಂಡರು. ನಾಲ್ಕು ಮಕ್ಕಳು, ಎರಡು ಕುದುರೆ, ಒಂದು ಟಾಂಗಾ. ಗಾಡಿ ಹೊಡೆಯುವುದು ದೊಡ್ಡ ಮಾವನ ಪಾಲಿಗೆ ಬಂತು. ಉಳಿದದ್ದೆಲ್ಲ ಅಜ್ಜಿಯದು. ಹುಲ್ಲು ತರುವವಳ ಜೊತೆ ಚೌಕಾಸಿ ಮಾಡುವುದು, ಲಾಳ ಕಟ್ಟುವ ಸಾಬರನ್ನು ತಿಂಗಳಾಗುತ್ತಲೇ ಕರೆಸುವುದು, ಸಂಜೆ ಗಾಡಿ ಬಿಚ್ಚಿದ ಮೇಲೆ ಮೈ ಉಜ್ಜುವುದು. ಅವಳ ಕೆಲವು ಕಟ್ಟಳೆಗಳಿದ್ದವು. ನೀರು ಮೊದಲು, ಕಾಳು ಆಮೇಲೆ. ಬೆವರು ಆರುವ ತನಕ ಎರಡೂ ಇಲ್ಲ. ಒಂದೇ ಸಲಕ್ಕೆ ಹೊಟ್ಟೆ ತುಂಬ ಕೊಡುವಂತಿಲ್ಲ. ಅಷ್ಟು ದೊಡ್ಡ ಮೈಗೆ ಹೊಟ್ಟೆ ಚಿಕ್ಕದು, ತಿಂದದ್ದು ಹೆಚ್ಚಾದರೆ ನಮ್ಮ ಹಾಗೆ ವಾಂತಿ ಮಾಡಿಕೊಳ್ಳಲೂ ಕುದುರೆಗೆ ಬರುವುದಿಲ್ಲ. ಶೂಲೆ ಬಂದರೆ ಅದಕ್ಕೇ ಜೀವಕ್ಕೆ ಬರುತ್ತದೆ.

ಮೊಮ್ಮಕ್ಕಳಾದ ನಾವು ರಜೆಗೆ ಬಂದಿಳಿದರೆ ಅವಳು ಮೊದಲು ನೋಡುತ್ತಿದ್ದದ್ದು ನಮ್ಮ ಕಾಲು. ಬಾಗಿಲಲ್ಲೇ ಕೂರಿಸಿ, ಬಿಸಿನೀರಿನಲ್ಲಿ ತೊಳೆದು, ಅಂಗಾಲು ತಿರುಗಿಸಿ ಮುಳ್ಳು ಗಿಳ್ಳು ಇದೆಯಾ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಸಂಜೆ ಗೊರಸಿನ ಸಂದಿಯ ಕಲ್ಲು ತೆಗೆಯುತ್ತಿದ್ದದ್ದೂ ಅದೇ ಹೆಬ್ಬೆರಳು. ನನ್ನ ಜಡೆ ಹೆಣೆಯುವಾಗ ಬಾಯಲ್ಲಿ "ಚೊಚ್ಚೊಚ್ಚೋ" ಎಂದು ಸದ್ದು ಮಾಡುತ್ತಿದ್ದಳು. ಕುದುರೆಯ ಜೂಲು ಬಾಚುವಾಗಲೂ ಅದೇ ಸದ್ದು. ಆ ಸದ್ದು ಕೇಳಿದರೆ ನನಗೆ ಈಗಲೂ ನಿದ್ದೆ ಬರುತ್ತದೆ.

ಇದನ್ನೆಲ್ಲ ನಾನು ಮಗನಿಗೆ ಹೇಳುತ್ತಿದ್ದೆ. ಅಮ್ಮ ಆ ಕಲ್ಲಿನ ಬಾನಿಯ ಹತ್ತಿರ ನಿಂತಿದ್ದಳು.

"ಆ ರಾತ್ರಿ ಇಲ್ಲಿಂದ ಆ ತುದಿಗೆ, ಆ ತುದಿಯಿಂದ ಇಲ್ಲಿಗೆ" ಅಂದಳು ಇದ್ದಕ್ಕಿದ್ದ ಹಾಗೆ. "ಚುಕ್ಕಿ ಮುಂಗಾಲಲ್ಲಿ ನೆಲ ಕೆರೀತಿತ್ತು. ತಿರುತಿರುಗಿ ತನ್ನ ಹೊಟ್ಟೆ ನೋಡ್ಕೊಳ್ತಿತ್ತು. ಬಿದ್ದು ಹೊರಳಾಡಿದ್ರೆ ಕರುಳು ತಿರುಚಿಕೊಳ್ಳುತ್ತೆ ಅಂತ ಅಮ್ಮ ಮಲಗೋಕೆ ಬಿಡಲೇ ಇಲ್ಲ. ಘಳಿಗೆಗೊಂದು ಸಲ ಅದರ ಹೊಟ್ಟೆಗೆ ಕಿವಿ ಇಡೋಳು. ಒಳಗೆ ಗುಡುಗುಡು ಕೇಳಿಸ್ತಾ ಇಲ್ಲ ಕಣೇ, ಇನ್ನೂ ನಡೆಸಬೇಕು ಅನ್ನೋಳು."

ಇಷ್ಟು ನನಗೆ ಗೊತ್ತಿತ್ತು. ಇದರ ಮುಂದಿನ ಮಾತು ಲೆಕ್ಕದ ಪೇಪರು. ನಾನು ಕಾಯುತ್ತಿದ್ದೆ.

"ಮೂರು ಗಂಟೆ ಇರಬೇಕು, ಜುಮುಜುಮು ಮಳೆ ಶುರುವಾಯ್ತು. ನಾನು ನಡುಗ್ತಿದ್ದೆ. ಅಮ್ಮ ಚುಕ್ಕಿ ಬೆನ್ನ ಮೇಲಿದ್ದ ಕಂಬಳಿ ತೆಗೆದು ನನಗೆ ಹೊದಿಸಿದ್ಲು. ಆಮೇಲೆ ನನ್ನನ್ನ ಕುದುರೆ ಭುಜಕ್ಕೂ ತನಗೂ ನಡುವೆ ಹಾಕ್ಕೊಂಡ್ಲು. ಗಾಳಿ ಬರೋ ಕಡೆ ತಾನು. ಹಾಗೇ ನಡೆದ್ವಿ. ಕಂಬಳಿ ಬಿಸಿ ಇತ್ತು. ಕುದುರೆ ಮೈದೇ ಬಿಸಿ ಅದು. ನಾನು ನಡೀತಾ ನಡೀತಾನೇ ನಿದ್ದೆ ಹೋಗಿದ್ದೆ ಕಣೇ."

ಐವತ್ತು ವರ್ಷ ಹೇಳಿದ ಕಥೆಯಲ್ಲಿ ಈ ಕಂಬಳಿ ಎಲ್ಲೂ ಬಂದಿರಲಿಲ್ಲ.

"ಇದನ್ನ ಯಾವತ್ತೂ ಹೇಳಲಿಲ್ಲವಲ್ಲಮ್ಮ" ಅಂದೆ.

"ನೆನಪೇ ಇರಲಿಲ್ಲ. ಮೊನ್ನೆ ಆ ಬೇಲಿ ಹತ್ರ ಮರಿಗಳು ತಾಯಿ ಮಗ್ಗುಲಿಗೆ ನಿಂತಿದ್ವಲ್ಲ, ಆಗ ನೆನಪಾಯ್ತು" ಅಂದಳು. ಬಾನಿಯ ಅಂಚಿನ ಮಣ್ಣನ್ನು ಕೈಯಿಂದ ಒರೆಸಿದಳು. ಅವಳ ದನಿ ಗದ್ಗದವಾಗಿತ್ತು. ಮಗ ಹೋಗಿ ಅವಳ ಸೊಂಟ ಹಿಡಿದುಕೊಂಡ.

ನಾಲ್ಕನೆಯ ದಿನ: ತೋಪಿನ ಸದ್ದು

ದಸರಾ ಹತ್ತಿರ ಬಂದಿತ್ತು. ಬೆಳಿಗ್ಗೆಯೇ ಆನೆಗಳು ಅರಮನೆಯಿಂದ ಬನ್ನಿಮಂಟಪದ ಕಡೆ ತಾಲೀಮಿಗೆ ಹೊರಟಿದ್ದವು. ನಾವು ಕಾದದ್ದು ಅಶ್ವಾರೋಹಿ ಪೊಲೀಸರಿಗೆ. ಎತ್ತರದ ಕಂದು ಕುದುರೆಗಳು, ಎಣ್ಣೆ ಹಚ್ಚಿದ ಹಾಗೆ ಮಿಂಚುವ ಮೈ. ಹಳೆಯ ಮೈಸೂರು ಲ್ಯಾನ್ಸರ್ಸ್ ಈಗ ಆ ಹೆಸರಿನಲ್ಲಿಲ್ಲ. ಸಂಸ್ಥಾನಗಳ ಕುದುರೆ ಪಡೆಗಳನ್ನೆಲ್ಲ ಸೇರಿಸಿ 1953ರಲ್ಲಿ 61ನೇ ಅಶ್ವದಳ ಕಟ್ಟಿದರು, ಅದರ ನೆಲೆ ಜೈಪುರ. ಮೈಸೂರಿನವರಿಗೆ ಕುದುರೆ ಪಡೆ ಅಂದರೆ ಈಗ ಜಂಬೂಸವಾರಿಯಲ್ಲಿ ಬರುವ ಈ ಪೊಲೀಸರೇ.

ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರೆ. ಆನೆ, ಕುದುರೆ ಬೆದರಬಾರದೆಂದು ಮೊದಲೇ ತೋಪಿನ ಸದ್ದು ಕೇಳಿಸಿ ಅಭ್ಯಾಸ ಮಾಡಿಸುತ್ತಾರೆ. ಈ ತಾಲೀಮಿನ ದಿನಗಳಲ್ಲಿ ಅಜ್ಜಿಗೆ ಕೆಲಸ ಹೆಚ್ಚು. ಅರಮನೆಯ ಕುದುರೆಗಳಿಗೆ ಸರ್ಕಾರದ ತರಬೇತಿ ಇತ್ತು, ನಜರ್‌ಬಾದಿನ ಜಟಕಾ ಕುದುರೆಗಳಿಗೆ ಅಜ್ಜಿಯೇ. ಸದ್ದು ಕೇಳುವ ಹೊತ್ತಿಗೆ ಲಾಯಕ್ಕೆ ಹೋಗಿ ಕುದುರೆಯ ಭುಜಕ್ಕೆ ಭುಜ ಕೊಟ್ಟು ನಿಲ್ಲುತ್ತಿದ್ದಳು. ಅಕ್ಕಪಕ್ಕದ ಮನೆಯವರೂ "ಅಕ್ಕಾ, ನಮ್ಮದರ ಹತ್ರಾನೂ ಸ್ವಲ್ಪ ಬನ್ನಿ" ಎಂದು ಕರೆಯುತ್ತಿದ್ದರು.

"ಆಯುಧ ಪೂಜೆ ದಿನ ಅರಮನೇಲಿ ಪಟ್ಟದ ಆನೆ, ಪಟ್ಟದ ಕುದುರೆಗೆ ಪೂಜೆ ಆಗೋ ಹೊತ್ತಿಗೇ ನಮ್ಮ ಮನೇಲೂ ಆಗಬೇಕು. ಒಂದು ನಿಮಿಷ ಆಚೀಚೆ ಆಗೋ ಹಾಗಿರಲಿಲ್ಲ" ಅಂದರು ಮಾವ. "ನಮ್ಮ ಮನೆಗೆ ಇದೇ ಪಟ್ಟದ ಕುದುರೆ ಅನ್ನೋಳು. ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ. ಆ ಹಾರ ಸಂಜೆ ಹೊತ್ತಿಗೆ ಅದೇ ತಿಂದಿರೋದು."

ಮಾವ 1990ರ ತನಕ ಟಾಂಗಾ ಹೊಡೆದು, ಆಮೇಲೆ ಆಟೋ ಕೊಂಡರು. ಜನ ಆಟೋಗೆ ಕೈ ಮಾಡುತ್ತಿದ್ದರು, ಹುಲ್ಲಿನ ಬೆಲೆ ಏರುತ್ತಿತ್ತು, ಬೇರೆ ದಾರಿ ಇರಲಿಲ್ಲ. ಕೊನೆಯ ಕುದುರೆಯನ್ನು ಅಜ್ಜಿ ಕೊಡಲು ಒಪ್ಪಿದ್ದು ಇನ್ನೂ ಮೂರು ವರ್ಷವಾದ ಮೇಲೆ. ಕೊಂಡವನ ಮನೆಗೆ ತಾನೇ ಹೋಗಿ, ಲಾಯದ ಸೂರು ಸೋರುತ್ತದೆಯೇ ಎಂದು ನೋಡಿ, ಅವನ ಹೆಂಡತಿಗೆ ಹುರುಳಿ ಎಷ್ಟು ಬೇಯಬೇಕೆಂದು ಹೇಳಿಕೊಟ್ಟು ಬಂದಳು.

"ಆಮೇಲೆ ಏನು ಮಾಡಿದ್ಲು ಗೊತ್ತಾ?" ಅಂದರು ಮಾವ. "ಮಾರನೇ ದಿನಾನೂ ನಾಲ್ಕು ಗಂಟೆಗೆ ಎದ್ದು ಅದೇ ತಪ್ಪಲೇಲಿ ಹುರುಳಿ ಇಟ್ಲು. ಲಾಯ ಖಾಲಿ. ಯಾಕಮ್ಮಾ ಅಂದೆ. ಕಟ್ಟು ಬೇಡವೇನೋ ನಿಮಗೆ ಅಂದ್ಲು. ಕಾಳನ್ನ ಬಕೆಟ್‌ಗೆ ತುಂಬಿಕೊಂಡು ನಡೆದುಕೊಂಡೇ ಗಾಡಿ ಸ್ಟ್ಯಾಂಡಿಗೆ ಹೋದ್ಲು. ಕಾಲಿನ ಮಂಡಿ ಸೋತು ಹೋಗೋ ತನಕ, ಹದಿನೈದು ವರ್ಷ, ವಾರಕ್ಕೆ ಎರಡು ಸಲ ಹೋಗ್ತಿದ್ಲು."

ಅಮ್ಮ ಮಾವನ ಮುಖವನ್ನೇ ನೋಡಿದಳು. "ನನಗೆ ಹೇಳೇ ಇಲ್ಲ ಅಣ್ಣ."

"ನೀನು ಬೈತೀಯ ಅಂತ ಹೇಳಬೇಡ ಅಂದಿದ್ಲು."

ಸಂಜೆ ಚಾಮುಂಡಿ ಬೆಟ್ಟಕ್ಕೆ ಹೋಗಿಬಂದೆವು. ಮೇಲಿನಿಂದ ರೇಸ್ ಕೋರ್ಸಿನ ಹಸಿರು ಸುತ್ತು ಕಾಣುತ್ತದೆ. ಅಮ್ಮ ಹೆಚ್ಚು ಮಾತಾಡಲಿಲ್ಲ. ರಾತ್ರಿ ಮಲಗುವ ಮುಂಚೆ ಅತ್ತೆಯನ್ನು ಕೇಳಿದಳು: "ಅತ್ತಿಗೆ, ಅಮ್ಮನ ಆ ದೊಡ್ಡ ತಪ್ಪಲೆ ಇದೆಯಾ?"

ಅಟ್ಟದ ಮೇಲಿತ್ತು. ಮಾವ ಏಣಿ ಹಾಕಿ ಇಳಿಸಿದರು. ತಳವೆಲ್ಲ ಮಸಿ. ಹುಣಸೆಹಣ್ಣು ಹಾಕಿ ಉಜ್ಜಿ, ಚಿಕ್ಕತಾತ ಕೊಟ್ಟಿದ್ದ ಹುರುಳಿಯನ್ನು ಅಮ್ಮ ನೆನೆಹಾಕಿದಳು.

ಐದನೆಯ ದಿನ: ಅಮಾವಾಸ್ಯೆ

ನಾಲ್ಕಕ್ಕೆ ಎಚ್ಚರವಾದಾಗ ಹಿತ್ತಿಲಲ್ಲಿ ಒಲೆಯ ಬೆಳಕಿತ್ತು. ಗ್ಯಾಸಿನ ಒಲೆಗೆ ಆ ತಪ್ಪಲೆ ಕೂರುವುದಿಲ್ಲ. ಅಮ್ಮ ಮೂರು ಇಟ್ಟಿಗೆ ಇಟ್ಟು ತೆಂಗಿನ ಗರಿ, ಸೌದೆ ಉರಿಸುತ್ತಿದ್ದಳು. ಹುರುಳಿ ಬೇಯುವ ವಾಸನೆ ಬಂದ ಕೂಡಲೇ ನನಗೆ ಆರು ವರ್ಷವಾಯಿತು. ಚಳಿ, ಲಾಯದ ಗಂಜಲದ ವಾಸನೆ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಅಜ್ಜಿ. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಅಮ್ಮ ಒಂದು ಕಾಳು ತೆಗೆದು ಬೆರಳಲ್ಲಿ ಹಿಸುಕಿದಳು. "ಇನ್ನೊಂದು ಸ್ವಲ್ಪ" ಅಂದಳು.

ಮಧ್ಯಾಹ್ನದ ಹೊತ್ತಿಗೆ ಎಡೆ ಸಿದ್ಧವಾಯಿತು. ಗೋಡೆಗೆ ಒರಗಿಸಿದ ತಾತನ ಫೋಟೋ ಪಕ್ಕದಲ್ಲಿ ಈ ಸಲ ಅಜ್ಜಿಯದು. ಹೊಸ ಸೀರೆ, ಬಾಳೆಲೆಯ ತುಂಬ ಅವಳಿಗಿಷ್ಟವಾದದ್ದೆಲ್ಲ: ಕಜ್ಜಾಯ, ಚಕ್ಕುಲಿ, ಹುಳಿಯನ್ನ, ಎಲೆ ಅಡಿಕೆ. ಅನ್ನದ ಪಕ್ಕಕ್ಕೆ ದೊನ್ನೆಯಲ್ಲಿ ಹುರುಳಿ ಕಟ್ಟಿನ ಸಾರು. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಹಿರಿಯರು ಉಣ್ಣಲೆಂದು ನಾವೆಲ್ಲ ಹೊರಗೆ ಬಂದು ನಿಂತೆವು. ಮಗ ಪಿಸುಗುಟ್ಟಿದ, "ಮುತ್ತಜ್ಜಿ ಚುಕ್ಕಿನೂ ಕರ್ಕೊಂಡು ಬಂದಿರ್ತಾಳಾ?"

"ಹೂಂ, ಬಂದಿರ್ತಾಳೆ" ಅಂದಳು ಅಮ್ಮ.

ಊಟವಾದ ಮೇಲೆ ಬಸಿದಿಟ್ಟಿದ್ದ ಕಾಳನ್ನು ಅಮ್ಮ ಸ್ಟೀಲಿನ ಬಕೆಟ್ಟಿಗೆ ತುಂಬಿದಳು. ಅರಮನೆಯ ಹತ್ತಿರ, ಪ್ರವಾಸಿಗಳಿಗಾಗಿ ಟಾಂಗಾಗಳು ನಿಲ್ಲುವ ಕಡೆಗೆ ಹೋದೆವು. ಏಳೆಂಟು ಗಾಡಿಗಳಿದ್ದವು. ಒಂದು ಗಾಡಿಗೆ ಕಟ್ಟಿದ್ದ ಬಿಳಿ ಕುದುರೆ ಒಂದು ಹಿಂಗಾಲು ಸಡಿಲ ಬಿಟ್ಟು ನಿಂತಲ್ಲೇ ತೂಕಡಿಸುತ್ತಿತ್ತು. ಪಕ್ಕದಲ್ಲಿ ವಯಸ್ಸಾದ ಗಾಡಿಯವರು.

"ಹುರುಳಿ ಬೇಯಿಸಿ ತಂದಿದ್ದೀನಿ. ಕೊಡಬಹುದಾ?" ಅಮ್ಮ ಕೇಳಿದಳು.

ಅವರು ಬಕೆಟ್ಟಿಗೆ ಕೈ ಹಾಕಿ ಒಂದು ಕಾಳು ಹಿಸುಕಿ ನೋಡಿದರು. "ಚೆನ್ನಾಗಿ ಬೆಂದಿದೆ. ಕೊಡಿ ಅಮ್ಮಾ. ಮುಂಚೆ ಒಬ್ಬ ಅಜ್ಜಿ ಹೀಗೇ ತರ್ತಿದ್ರು."

ಅಮ್ಮನ ಕೈ ಅಲ್ಲೇ ನಿಂತಿತು. "ನೀರು ಕುಡಿಸಿದ್ದೀರಾ?" ಅಂದಳು ಆಮೇಲೆ.

"ಈಗ ತಾನೆ."

ಅವರು ಕಡಿವಾಣ ಬಿಚ್ಚಿದರು. ಕುದುರೆ ಕಣ್ಣು ಬಿಟ್ಟು, ಮೂಗು ಅರಳಿಸಿ, ಬಕೆಟ್ಟಿನೊಳಗೆ ಬಾಯಿ ಹಾಕಿತು. ಮಗ ಅದರ ಕತ್ತಿನ ಮೇಲೆ ಹೆದರುತ್ತಾ ಕೈಯಿಟ್ಟ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಅದರ ಮುಂಗಾಲನ್ನು ಮೇಲಿನಿಂದ ಕೆಳಗೆ ನೀವುತ್ತಾ ಬಂದಳು. ಕುದುರೆ ಕಾಲು ಎತ್ತಿ ಅವಳ ಕೈಗೆ ಕೊಟ್ಟಿತು. ಅವಳು ಗೊರಸು ತಿರುಗಿಸಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಚೊಚ್ಚೊಚ್ಚೋ" ಅಂದಳು. "ಇಲ್ಲೊಂದು ಕಲ್ಲು ಸಿಕ್ಕಿಕೊಂಡಿದೆ ನೋಡಿ."